ನಡಾವಳಿ

ಡ್ಯಾವೆನ್‌ಪೋರ್ಟ್ ನಗರಸಭೆ. ಫೆಬ್ರವರಿಯ ಒಂದು ಬುಧವಾರ.
ಹಾಜರಿ ಅರವತ್ತೊಂದು; ಕುರ್ಚಿ ಹಿಡಿದಿದ್ದ ಕೋಟುಗಳನ್ನು ಎಣಿಸಿಲ್ಲ.
ವಿಷಯ: ಗಾಂಜಾ ಕಾನೂನುಬದ್ಧವಾಗಲಿ ಎಂದು
ರಾಜಧಾನಿಗೆ ಪತ್ರ ಬರೆಯಬೇಕೋ, ಬೇಡವೋ.
ಪತ್ರವಷ್ಟೇ. ಓದದೆ ಮಡಚಿಡುವವರು ಬೇರೆ ಇದ್ದಾರೆ.

ಒಬ್ಬೊಬ್ಬರಿಗೆ ಮೂರು ನಿಮಿಷ.
ಹಸಿರು ದೀಪ, ಹಳದಿ, ಆಮೇಲೆ ಕೆಂಪು.
ಬರೆದುಕೊಳ್ಳುವವಳು ನಾನು,
ಹನ್ನೊಂದು ವರ್ಷದಿಂದ ಇದೇ ಮೂಲೆ, ಇದೇ ಮೇಜು.
ಕಿಟಕಿಯಾಚೆ ಹೆಪ್ಪುಗಟ್ಟಿದ ಮಿಸ್ಸಿಸಿಪ್ಪಿ,
ಅದರಾಚೆ ಇಲಿನಾಯ್. ಅಲ್ಲಿ ಅಂಗಡಿಯ ಬೋರ್ಡು
ಹಸಿರಾಗಿ ಉರಿಯುತ್ತದೆ, ರಸೀದಿ ಕೊಡುತ್ತಾರೆ,
ಚಿಲ್ಲರೆ ಎಣಿಸಿ ಕೊಡುತ್ತಾರೆ.
ಸೇತುವೆಯ ನಡುಗಂಬದ ಹತ್ತಿರ ಎಲ್ಲೋ
ಸಾಮಾನು ಸಾಕ್ಷ್ಯವಾಗುತ್ತದೆ.

ಡಾರ್ಲೀನ್ ಹೆಬೆಲ್ ಮಗನ ಫೋಟೋ ತಂದಿರಲಿಲ್ಲ.
"ನೋಡಿದರೆ ಅಳುತ್ತೀರಿ. ಅಳು ಬೇಡ, ಕೇಳಿ" ಅಂದಳು.
ಹದಿನಾರಕ್ಕೆ ಶುರು. ಹತ್ತೊಂಬತ್ತಕ್ಕೆ,
ಗೋಡೆಯ ಸಾಕೆಟ್ಟುಗಳು ತನ್ನ ಹೆಸರು ಹಿಡಿದು ಕರೆಯುತ್ತವೆಂದು
ಅವನು ಒಂದೊಂದಕ್ಕೂ ಟೇಪು ಅಂಟಿಸಿದ.
"ಅದೇ ಕಾರಣವೋ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ.
ಗೊತ್ತಿಲ್ಲದ್ದನ್ನು ಅಂಗಡಿಯಲ್ಲಿ ಇಡಬೇಡಿ."
ಹಳದಿ ದೀಪಕ್ಕೇ ಕೂತಳು.

ರಾಸ್ಕೋ ಮೇಬ್ರಿ ನಿಮಿಷ ಉಳಿಸಲಿಲ್ಲ.
ಜೇಬಿನಲ್ಲಿ ಎರಡು ಸಿಗರೇಟಿನಷ್ಟು, ವಯಸ್ಸು ಇಪ್ಪತ್ತೆರಡು.
ಆಮೇಲೆ ಬಾಡಿಗೆ ಮನೆಯ ಅರ್ಜಿ, ಟ್ರಕ್ಕಿನ ಕೆಲಸದ ಅರ್ಜಿ,
ಮಗಳ ಶಾಲೆಯ ಪ್ರವಾಸಕ್ಕೆ ಜೊತೆ ಹೋಗುವ ಅರ್ಜಿ;
ಎಲ್ಲದರಲ್ಲೂ ಅದೇ ಚೌಕ, ಅದೇ ಟಿಕ್ಕು.
"ಹೊಳೆಯಾಚೆ ಅದನ್ನೇ ಮಾರುವವನಿಗೆ
ವ್ಯಾಪಾರಿ ಸಂಘದ ಪದಕ ಬಂತು.
ಹೋಗಿ ನೋಡಿದೆ. ಚೆನ್ನಾಗಿದೆ ಪದಕ."
ಕೆಂಪು ದೀಪ. ಮೈಕು ಸತ್ತಿತು. ಬಾಯಿ ಆಡುತ್ತಲೇ ಇತ್ತು.
ಮೈಕಿಲ್ಲದ ಮಾತು ಬರೆಯಬಾರದು, ನಿಯಮ.
ಬರೆಯಲಿಲ್ಲ.

ನಿವೃತ್ತ ಪೊಲೀಸು ಲಿಂಡ್‌ಕ್ವಿಸ್ಟ್ ಎರಡೂ ಕಡೆ ಮಾತಾಡಿ
ಎರಡೂ ಕಡೆಯ ಚಪ್ಪಾಳೆ ಕಳೆದುಕೊಂಡ.

ನಮ್ಮಲ್ಲಿ ಇದಕ್ಕೆ ಸೊಪ್ಪು ಅನ್ನುತ್ತಾರೆ, ಹಗುರಾಗಿ,
ದಂಟು ಮೆಂತ್ಯಗಳ ಪಂಕ್ತಿಯಲ್ಲೇ ಕೂರಿಸಿ.
ಮಠದ ಹಿತ್ತಿಲಲ್ಲಿ ಅರೆದು ಪ್ರಸಾದವೆಂದು ಹಂಚಿದ್ದನ್ನು
ಚಿಕ್ಕವಳಿದ್ದಾಗ ಕಂಡಿದ್ದೇನೆ;
ಅದೇ ವಾರ, ಅದೇ ಸೊಪ್ಪಿಗೆ, ಬಸ್ ಸ್ಟ್ಯಾಂಡಿನಲ್ಲಿ
ಒಬ್ಬನ ಕೈಗೆ ಕೋಳ ಬಿದ್ದದ್ದನ್ನೂ.
ಕಾನೂನು ಯಾರಿಗೂ ಸೊಪ್ಪು ಹಾಕುವುದಿಲ್ಲ
ಅಂತ ನನ್ನ ಭಾಷೆಯಲ್ಲಿ ನಗಬಹುದು.
ಇಲ್ಲಿ ಒಬ್ಬಳೇ ನಗಬೇಕು.

ಕಾಲಡಿಯ ಚೀಲದಲ್ಲಿ ಒಂದು ಡಬ್ಬಿ.
ನಿಂಬೆಯ ರುಚಿ, ಹತ್ತು ಬಿಲ್ಲೆ,
ಮಕ್ಕಳ ಕೈಗೆ ಬಿಚ್ಚದ ಮುಚ್ಚಳ,
ವಿಲ್ಮಾಳ ಕೈಗೂ ಬಿಚ್ಚದ್ದು.
ಕೆಳಮಹಡಿಯ ವಿಲ್ಮಾ. ಕೀಮೋ ಮುಗಿದ ಮೇಲೆ
ಬೆರಳ ತುದಿಯಲ್ಲೆಲ್ಲ ಇರುವೆ, ಅಂಗಿಯ ಗುಂಡಿ ಹಾಕಲಾರಳು.
ಅರ್ಧ ಬಿಲ್ಲೆಗೆ ನಾಲ್ಕು ಗಂಟೆ ನಿದ್ದೆ.
ಐದು ಅನ್ನುತ್ತಾಳೆ, ನನ್ನ ಸಮಾಧಾನಕ್ಕೆ.
ರೋಗಿಯ ಕಾರ್ಡಿನ ಅರ್ಜಿ ಎರಡು ಸಲ ಮರಳಿತು,
ಎರಡನೇ ಸಲ ಶಾಯಿಯ ಬಣ್ಣಕ್ಕೆ.
ಸಂಜೆ ಸೇತುವೆ ದಾಟಿ ಬಂದೆ. ನಡುಗಂಬದ ಹತ್ತಿರ
ನೀರಲ್ಲಿ ಮುಳುಗುವವಳಂತೆ ಉಸಿರು ಹಿಡಿದೆ.

ಡಾರ್ಲೀನಳ ಕುರ್ಚಿ ಇಲ್ಲಿಂದ ಎರಡು ಮಾರು.
ಅವಳ ಕಣ್ಣು ಚೀಲದ ಮೇಲೆ ನಿಂತಿತು,
ಅಥವಾ ನನಗೆ ಹಾಗನ್ನಿಸಿತು.
ಬಗ್ಗಿ ಜಿಪ್ಪು ಎಳೆದೆ. ಆ ಸದ್ದು ಮೈಕಿನಲ್ಲಿ ಕೇಳಿತು.

ಇನ್ನು ಮಾತಾಡುವವರು ಇದ್ದೀರಾ, ಮೂರು ಸಲ ಕೇಳಿದರು.
ಯಾರೂ ಇಲ್ಲ, ಎಂದು ಬರೆದೆ.
ಪತ್ರದ ಪರ ಐದು, ವಿರೋಧ ಐದು. ಮೇಯರಿಗೆ ಜ್ವರ.
ಮುಂದಿನ ತಿಂಗಳಿಗೆ ಮುಂದೂಡಿಕೆ.

ರಾತ್ರಿ ಹತ್ತೂವರೆಗೆ ವಿಲ್ಮಾ ಬಾಗಿಲು ತೆರೆದು ಕೇಳಿದಳು,
"ಏನಾಯಿತು?"
"ಹಿಮ ಜೋರಾಗಿದೆ" ಅಂದೆ.
ಒತ್ತಿ, ತಿರುಗಿಸಿ, ಒಂದು ಬಿಲ್ಲೆ ತೆಗೆದು
ಅರ್ಧ ಮುರಿದು ಕೊಟ್ಟೆ. ಮತ್ತೆ ಮುಚ್ಚಿದೆ.
ಆ ಮನೆಯಲ್ಲಿ ಮಕ್ಕಳಿಲ್ಲ, ಮೂವತ್ತು ವರ್ಷದಿಂದ ಇಲ್ಲ.
ಆದರೂ ಮುಚ್ಚಿದೆ, ಡಾರ್ಲೀನಳಿಗಾಗಿ,
ಕಟ್ ಅನ್ನುವವರೆಗೆ.