ತಲೆಕೆಳಗಾದ ಹದಿಮೂರು

ಡರ್ಬಿಶೈರಿನ ಅಕ್ಟೋಬರ್ ಚಳಿ.
ಕಾರಿನ ಹಿಂದೆ ನಿಲ್ಲಿಸಿಕೊಂಡು ಹೆಸ್ಟರ್
ನನ್ನ ಬೆನ್ನಿಗೆ ನಂಬರು ಚುಚ್ಚುತ್ತಾಳೆ.
ಹದಿಮೂರು ಬಂತಲ್ಲ, ತಿರುಗಿಸಿ ಹಾಕೇ,
ಅಪಶಕುನವೂ ತಲೆಕೆಳಗಾಗಲಿ.
ಅವಳ ಬಾಯಲ್ಲಿ ನಾಲ್ಕು ಪಿನ್ನು; ಉತ್ತರ ಬರೀ ‘ಹ್ಞೂಂ’.

ಹೆಂಗಸರು ನಾವು ಒಂಬತ್ತೇ ಜನ.
ಹೋದ ವರ್ಷ ಹನ್ನೆರಡು:
ಒಬ್ಬಳಿಗೆ ಮಗು, ಒಬ್ಬಳಿಗೆ ಮುರಿದ ಭುಜ,
ಟ್ಯಾಮ್ಸಿನ್ ಸೈಕಲ್ ಮಾರಿ
ಮನೆಯ ಬಾಯ್ಲರ್ ರಿಪೇರಿ ಮಾಡಿಸಿದಳು.

ಮೂರು, ಎರಡು, ಒಂದು.
ಸೀಟು ಹಿಡಿದಿದ್ದ ಮುದುಕ ಕೈಬಿಟ್ಟ.

ಮೊದಲ ತಿರುವಿನವರೆಗೆ ನಾನೇ ರಾಣಿ.
ಆಮೇಲೆ ರಸ್ತೆ ಎದ್ದು ಗೋಡೆಯಾಗುತ್ತದೆ,
ಬಾಯಿಗೆ ತುಕ್ಕಿನ ರುಚಿ,
ನಿನ್ನೆಯೆಲ್ಲ ಅಂಚೆ ಹಂಚಿದ ಕಾಲು
ಹತ್ತಿದ ಒಂದೊಂದು ಮೆಟ್ಟಿಲಿಗೂ ಲೆಕ್ಕ ಕೇಳುತ್ತದೆ.
ಕುರಿಯೊಂದು ಮೇಯುವುದ ಬಿಟ್ಟು ನೋಡುತ್ತದೆ.
ಯಾರೋ ಬಾಣಲೆ ಬಡಿಯುತ್ತಾರೆ
ಯಾರಿಗೋ.
ಅಲ್ಲ, ನನಗೇ.

ನಾಲ್ಕು ನಿಮಿಷ ಐವತ್ತೆರಡು. ಏಳನೆಯವಳು.
ಹೋದ ಸಲಕ್ಕಿಂತ ಮೂರು ಸೆಕೆಂಡು ನಿಧಾನ.
ಹುಲ್ಲಿನ ಮೇಲೆ ಬಿದ್ದು, ಕೆಮ್ಮುತ್ತ, ಆಣೆ ಇಡುತ್ತೇನೆ:
ಸಾಕು. ಇದೇ ಕೊನೆ.

ಇಳಿಜಾರಿಗೆ ಬ್ರೇಕು ಬಿಟ್ಟೆ.
ಸತ್ತು ಸತ್ತು ಏರಿದ ದಾರಿ ಒಂದೇ ಗುಟುಕಿಗೆ ಖಾಲಿ.
ಕಣ್ಣಲ್ಲಿ ನೀರು, ಗಾಳಿಗೆ.

ಚರ್ಚಿನ ಕೋಣೆಯಲ್ಲಿ ಚಹಾ, ಒಣಕಲು ಕೇಕು.
ಹೆಸ್ಟರ್ ಪಿನ್ನು ಬಿಚ್ಚಿ ಎಣಿಸುತ್ತಾಳೆ: ಮೂರೇ.
ನಾಲ್ಕನೆಯದು ಬೆಟ್ಟದಲ್ಲೆಲ್ಲೋ ಬಿದ್ದಿದೆ.
‘ಬರುವ ಭಾನುವಾರ
ಒಂದೆರಡು ಹೆಚ್ಚಿಗೆ ತಾ’ ಅನ್ನುತ್ತೇನೆ,
ಬಾಯ್ತುಂಬ ಕೇಕು.