ಸರದಿ ಪಟ್ಟಿ

ಕುಂಬಳೆ ಪೇಟೆ, ರೈಲು ಹಳಿಯ ಈಚೆ,
ಬಟ್ಟೆಯಂಗಡಿಯ ಮೇಲೆ ಎರಡು ಕೋಣೆ.
ಬೋರ್ಡಿನಲ್ಲಿ ಮೂರು ಲಿಪಿ, ಒಂದೇ ಸಮಿತಿ.
ಸ್ಥಾಪನೆ ಸಾವಿರದ ಒಂಬೈನೂರ ಅರವತ್ತ...
ಕೊನೆಯ ಅಂಕಿ ಬಣ್ಣ ಬಳಿದಾಗಲೆಲ್ಲ ಬದಲಾಗುತ್ತದೆ,
ಒಮ್ಮೆ ಎರಡು, ಒಮ್ಮೆ ಮೂರು.
ಯಾರೂ ಕೇಳಿದ್ದಿಲ್ಲ.

ಗಾಲಿಕುರ್ಚಿ ನಾಲ್ಕು, ನೀರಿನ ಹಾಸಿಗೆ ಹನ್ನೊಂದು,
ಒಂದು ಆಮ್ಲಜನಕದ ಯಂತ್ರ, ಮತ್ತೆ ನಾನು.
ಸಂಬಳವಿಲ್ಲದವರ ಹೊತ್ತು ಹೊಂದಿಸುವುದು ನನ್ನ ಕೆಲಸ.
ಸಂಬಳವಿದ್ದರೆ ಗದರಬಹುದಿತ್ತು.
ತಮ್ಮ ಮನೆಯ ಗಂಜಿ ಉಂಡು
ಇನ್ನೊಬ್ಬರ ಹುಣ್ಣು ತೊಳೆಯಲು ಬಂದವರಿಗೆ
ತಡವಾಯಿತೆಂದು ಯಾವ ಬಾಯಲ್ಲಿ ಹೇಳಲಿ?

ಭಾನುವಾರಕ್ಕೆ ಹದಿನೇಳು ಹೆಸರು.
ಗುರುವಾರದ ಮನೆ ಖಾಲಿ.
ಮಲಗಿದವರ ಬೆನ್ನಿಗೆ ವಾರ ಗೊತ್ತಿಲ್ಲ.

"ಈ ವಾರ ಆಗ್ಲಿಕ್ಕಿಲ್ಲ ಅಕ್ಕ, ತಂಗಿಯ ನಿಶ್ಚಯ ಉಂಟು."
"ಪಿ.ಎಸ್.ಸಿ. ಪರೀಕ್ಷೆ, ಟೀಚರೇ."
ಮೋಂತು ಪೊರ್ಬುಗಳು ಫೋನೇ ಎತ್ತುವುದಿಲ್ಲ.
ಹೋದ ವರ್ಷ ಗಾಡಿಯ ಡೀಸೆಲ್ ಲೆಕ್ಕ ಕೇಳಿದ್ದೆ,
ಒಂದೇ ಒಂದು ಸಲ.
ಕೇಳಲೇಬೇಕಿತ್ತು. ಹೇಗೆ ಕೇಳಬೇಕಿತ್ತೆಂದು
ಇವತ್ತಿಗೂ ತಿಳಿದಿಲ್ಲ.

ಕಾಲೇಜಿನಿಂದ ಇಪ್ಪತ್ತನಾಲ್ಕು ಮಕ್ಕಳು ಬಂದರು.
ಎರಡನೆಯ ವಾರ ಒಂಬತ್ತು.
ಸರ್ಟಿಫಿಕೇಟಿನ ಮೊಹರು ಒಣಗಿದ ಮೇಲೆ ಒಬ್ಬಳು, ರೈಹಾನಾ.
ಮೊದಲ ದಿನ ಹುಣ್ಣಿನ ವಾಸನೆಗೆ ಹಿತ್ತಿಲಲ್ಲಿ ವಾಂತಿ ಮಾಡಿ,
ಬಾಯಿ ಮುಕ್ಕಳಿಸಿ,
ಹತ್ತಿಯ ಉಂಡೆ ಎಲ್ಲಿಟ್ಟೆನೆಂದು ಕೇಳುತ್ತ ಒಳಗೆ ಬಂದವಳು.

ಐತಪ್ಪ ಮಾಸ್ತರರಿಗೆ ವಾಟ್ಸಾಪ್ ಆಗದು.
"ಹೆಸರು ಕೈಯಲ್ಲಿ ಬರೆ.
ಬರೆದ ಕೈಗೆ ನೆನಪಿರುತ್ತದೆ."
ಕಪಾಟಿನ ಬೀಗದ ಕೈ ಅವರ ಪಂಚೆಯ ಗಂಟಿನಲ್ಲಿ.
ಹೊಸ ಗಾಜುಪಟ್ಟಿ ಬೇಕಾದರೆ ಬಂಬ್ರಾಣಕ್ಕೆ ಬಸ್ಸು ಹತ್ತಬೇಕು,
ಚಾ ಕುಡಿಯಬೇಕು,
ನಮ್ಮ ಕಾಲದಲ್ಲಿ ಪಟ್ಟಿಯೇ ಇರಲಿಲ್ಲ ಎಂಬುದನ್ನು
ಇನ್ನೊಮ್ಮೆ ಕೇಳಿಸಿಕೊಳ್ಳಬೇಕು.
(ಇತ್ತು. ಹಳೆಯ ಕಡತದಲ್ಲಿ ನೋಡಿದ್ದೇನೆ.
ಆಗಲೂ ಗುರುವಾರ ಖಾಲಿ.)

ಈ ಮಳೆಗಾಲ ಸಮಿತಿಯ ಮೆಟ್ಟಿಲಲ್ಲೇ ಜಾರಿದರು. ಸೊಂಟ.
ಈಗ ಏಳನೆಯ ನಂಬರಿನ ಹಾಸಿಗೆಯಲ್ಲಿ.
ಅದನ್ನು ಮಂಗಳೂರಿನಿಂದ ಬಸ್ಸಿನಲ್ಲಿ
ತೊಡೆಯ ಮೇಲಿಟ್ಟು ತಂದದ್ದು ಅವರೇ.

ರೈಹಾನಾಳನ್ನು ಕರೆದುಕೊಂಡು ಹೋದೆ.
ಅವರ ಕನ್ನಡಕ್ಕೆ ಅವಳ ಮಲಯಾಳ ಉತ್ತರ ಕೊಟ್ಟಿತು,
ಸಿಕ್ಕಿಕೊಂಡಲ್ಲಿ ತುಳು ಬಂದು ಬಿಡಿಸಿತು.
"ನೀರು ಮೊದಲು ನಿನ್ನ ಮೊಣಕೈಗೆ ಹಾಕಿ ನೋಡು.
ಎಳೆಯಬೇಡ, ಮಗುಚು.
ಗಾಯ ಆಮೇಲೆ, ಮುಖ ಮೊದಲು."
ಅವಳು ಮುಖ ನೋಡಿದಳು.
ಅವರೇ ಕಣ್ಣು ತಪ್ಪಿಸಿದರು.

ಎಲ್ಲ ಮುಗಿದು ಕೈ ತೊಳೆಯುವಾಗ ಕೇಳಿದರು,
"ಗುರುವಾರ ಯಾರು?"
ಯಾರೂ ಇಲ್ಲ.
"ನನ್ನ ಹೆಸರು ಹಾಕು."
ಬುದ್ಧಿ ಮಸುಕಾಯಿತೇನೋ ಎಂದುಕೊಂಡೆ.
"ಕಲಿಯಲಿಕ್ಕೆ ಒಂದು ಮೈ ಬೇಕಲ್ಲ ಮಾರಾಯ್ತಿ.
ಹೊಸಬರನ್ನು ಇಲ್ಲಿಗೆ ಕಳಿಸು.
ನೋವಾದರೆ ಹೇಳುತ್ತೇನೆ.
ಉಳಿದವರು ಹೇಳುವುದಿಲ್ಲ, ಅದೇ ತೊಂದರೆ."

ಹೋಗುವವರು ಎಂಬಲ್ಲಿ ಐತಪ್ಪ, ಬಂಬ್ರಾಣ.
ಯಾರ ಮನೆಗೆ ಎಂಬಲ್ಲಿ ಐತಪ್ಪ, ಬಂಬ್ರಾಣ.
ಕೈಯಲ್ಲೇ ಬರೆದೆ.
ಮಾರ್ಚಿನಲ್ಲಿ ಲೆಕ್ಕ ನೋಡುವವರು ಕೆಂಪು ಗೆರೆ ಎಳೆಯಲಿ.

ಹೊರಡುವಾಗ, ಮೆಲ್ಲಗೆ,
ಬೀಗದ ಕೈಯ ಮಾತೆತ್ತಿದೆ.
"ಅದು ಆಮೇಲೆ ನೋಡುವ," ಎಂದರು.