ಜಯಭೇರಿ ಟಾಕೀಸಿನ ದಾಖಲೆ

ಚಳ್ಳಕೆರೆಯ ಜಯಭೇರಿ ಟಾಕೀಸಿಗೆ
ವಯಸ್ಸೆಷ್ಟು ಅಂತ ನಗರಸಭೆ ಕೇಳಿತು.
ದಾಖಲೆ ಬೇಕಂತೆ.

ನಾನು ಕಲೆಕ್ಷನ್ ಬರೆಯುತ್ತಿದ್ದವನು.
ನನ್ನ ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸಿತ್ತು.
ಉಳಿದದ್ದು ಒಂದೇ ಹಾಳೆ:
ಮಂಗಳವಾರ, ಫಸ್ಟ್ ಶೋ,
ನೆಲ ಹನ್ನೊಂದು, ಬೆಂಚು ನಾಲ್ಕು,
ಲೇಡೀಸ್ ಸೊನ್ನೆ.

‘ಸೊನ್ನೆ ಎಲ್ಲಿಂದ ಬಂತು?’
ತಿಪ್ಪಮ್ಮ ಜಗಳಕ್ಕೆ ನಿಂತಳು.
‘ನಾನಿದ್ದೆನಲ್ಲ, ಪೊರಕೆ ಹಿಡಕೊಂಡು, ಕಂಬದ ಹಿಂದೆ?
ಎಲ್ಲಾ ಪಿಚ್ಚರಿಂದೂ ಕ್ಲೈಮ್ಯಾಕ್ಸಷ್ಟೇ ನೋಡಿದೀನಿ,
ಮೊದಲೇನಾಯ್ತು ಅಂತ ಈವತ್ತಿಗೂ ಗೊತ್ತಿಲ್ಲ.’

ಅವಳು ಗುಡಿಸಿದ ಶೇಂಗಾ ಸಿಪ್ಪೆ ಕೂಡಿಟ್ಟಿದ್ದರೆ
ಪರದೆಯೆತ್ತರ ಬರುತ್ತಿತ್ತು;
ಅದನ್ನು ಯಾವ ಅರ್ಜಿಗೆ ಲಗತ್ತಿಸುವುದು?

ಸೋಮವಾರ ಜೆಸಿಬಿ ಬಂತು.
ತಡೆಯಾಜ್ಞೆ ತರುವ ವಕೀಲರು
ಇನ್ನೂ ಹಿರಿಯೂರು ದಾಟಿರಲಿಲ್ಲ.
ಎಣ್ಣೆಗಿರಣಿ ಹಮಾಲರು, ಸೋಡಾ ಅಂಗಡಿಯ ಖಾಸಿಂ,
ಕಟ್ಟೆಯ ಮೇಲೆ ಸಾಲಾಗಿ ಕೂತೆವು.
ಘೋಷಣೆ ಯಾರಿಗೂ ಬರಲಿಲ್ಲ.
ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು, ಅಷ್ಟೇ.

ಹನ್ನೆರಡರ ಬಿಸಿಲು.
ಜೆಸಿಬಿ ಹುಡುಗ ಇಳಿದು ನೀರು ಕೇಳಿದ,
ಕುಡಿದು, ನೆರಳಿಗೆಂದು ಒಳಗೇ ಹೋದ.
ಕತ್ತಲು. ಹರಿದ ಪರದೆ.
ಮುಂದಿನ ಕುರ್ಚಿಗೆ ಕಾಲು ಚಾಚಿದ.

ಗೇಟಿನ ಪಾಲಯ್ಯನಿಗೆ ಎಪ್ಪತ್ತೆಂಟು, ಒಂದು ಕಣ್ಣು ಮಂಜು.
ಸೆಲ್ಲು ಸತ್ತ ಟಾರ್ಚನ್ನೇ ಅವನ ಮುಖಕ್ಕೆ ಹಿಡಿದು
‘ಕಾಲು ತೆಗಿ’ ಅಂದ.
‘ಟಿಕೀಟು?’

ಹುಡುಗ ಜೇಬು ತಡಕಿದ.
ನಿಜವಾಗಿಯೂ ತಡಕಿದ.